ದಿವಾಳಿಯ ಅಂಚಿನಲ್ಲಿರುವ ವಿಮಾನ ಸಂಸ್ಥೆ: ಪೈಲಟ್ ಸಂಘ ಸಂಬಳ ಕಡಿತಕ್ಕೆ ಒಪ್ಪಬೇಕೆ?

ಪ್ರಶ್ನೆ: ನಿವೃತ್ತ ಬ್ಯಾಂಕ್ ಅಧಿಕಾರಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂದು ವಿಮಾನ ಸಂಸ್ಥೆಯಲ್ಲಿ ಸಹಪೈಲಟ್ ಆಗಿದ್ದಾಳೆ. ಅವಳಿಗೆ ತೊಂದರೆಯಾಗಬಾರದೆಂದು ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕೆಲವು ತಿಂಗಳುಗಳಿಂದ ಸಂಬಳ ತಡವಾಗಿ, ಅದೂ ಕಂತುಗಳಲ್ಲಿ ಬರುತ್ತಿದೆ. ಈಗ ಆಡಳಿತವು ಪೈಲಟ್ ಸಂಘದ ಮುಂದೆ ಒಂದು ಕರಡು ಒಪ್ಪಂದವನ್ನು ಇಟ್ಟಿದೆ. ಮೂಲವೇತನದಲ್ಲಿ ಕಡಿತ, ಹಾರಲಿ ಬಿಡಲಿ ತಿಂಗಳಿಗೆ ಇಷ್ಟು ತಾಸು ಎಂದು ಖಾತರಿಯಾಗಿ ಸಿಗುತ್ತಿದ್ದ ಹಾರಾಟ ಭತ್ಯೆಯಲ್ಲಿ ಇಳಿಕೆ, ಬಾಕಿ ಸಂಬಳದ ಬಗ್ಗೆ "ಪರಿಸ್ಥಿತಿ ಸುಧಾರಿಸಿದ ನಂತರ ಪರಿಗಣಿಸಲಾಗುವುದು" ಎಂಬ ಒಂದೇ ಒಂದು ಸಾಲು, ಇಷ್ಟು ಅದರಲ್ಲಿದೆ. ಸಂಘ ಒಪ್ಪದಿದ್ದರೆ ಎನ್‌ಸಿಎಲ್‌ಟಿಗೆ (ದಿವಾಳಿ ಪ್ರಕರಣಗಳನ್ನು ನೋಡುವ ಕಂಪನಿ ನ್ಯಾಯಮಂಡಳಿಗೆ) ಹೋಗುವುದು ಅನಿವಾರ್ಯವಾಗುತ್ತದೆ ಎಂದು ಆಡಳಿತದವರು ಬಾಯಿಮಾತಿನಲ್ಲಿ ಹೇಳಿದ್ದಾರಂತೆ.

ಕೆಲಸ ಬಿಟ್ಟು ಬೇರೆಡೆ ಸೇರುವುದೂ ಸುಲಭವಿಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲಿ ತಂದ ನಿಯಮದ ಪ್ರಕಾರ ಸಹಪೈಲಟ್ ಆರು ತಿಂಗಳು, ಕಮಾಂಡರ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. ಅವಳ ತರಬೇತಿಗೆ ಮಾಡಿದ ಸಾಲದ ಕಂತುಗಳು ಇನ್ನೂ ನಡೆಯುತ್ತಿವೆ.

ನಾನು ಸಾಲ ಕೊಟ್ಟವರ ಕಡೆಯಿಂದ ಇಂಥ ಸಭೆಗಳಲ್ಲಿ ಕುಳಿತವನು. ಅಲ್ಲಿ ನೌಕರರ ಬಾಕಿ ಎಂಬುದು ಪಟ್ಟಿಯ ಕೆಳಭಾಗದ ಒಂದು ಸಾಲು ಮಾತ್ರವಾಗಿರುತ್ತಿತ್ತು, ಆ ಸಾಲಿನ ಬಗ್ಗೆ ಯಾರೂ ಹೆಚ್ಚು ಹೊತ್ತು ಮಾತನಾಡುತ್ತಿರಲಿಲ್ಲ. ಆದ್ದರಿಂದಲೇ ಕೇಳುತ್ತಿದ್ದೇನೆ: ಬೇರೆ ಕಡೆ ಪೈಲಟ್ ಸಂಘಗಳು ಇಂಥ ಹೊತ್ತಿನಲ್ಲಿ ಏನು ಬಿಟ್ಟುಕೊಟ್ಟವು, ಬದಲಿಗೆ ಏನು ಪಡೆದವು? ನಮ್ಮ ಕಾನೂನಿನಲ್ಲಿ ಸಂಘಕ್ಕೆ ಚೌಕಾಸಿ ಮಾಡುವ ಜಾಗವಾದರೂ ಇದೆಯೇ?

ಉತ್ತರ 1: ವಿಮಾನಯಾನ ಆಸಕ್ತ, ಸಾಂಬ್ರಾ ರಸ್ತೆ, ಬೆಳಗಾವಿ

ನಿಮ್ಮ ಮೊದಲ ಪ್ರಶ್ನೆಗೆ ಅಮೆರಿಕದ ಅನುಭವವೇ ಹೆಚ್ಚು ಬೆಳಕು ಚೆಲ್ಲುತ್ತದೆ, ಏಕೆಂದರೆ ಅಲ್ಲಿ ದೊಡ್ಡ ವಿಮಾನ ಸಂಸ್ಥೆಗಳು ದಿವಾಳಿ ಅರ್ಜಿ ಹಾಕಿಯೂ ಹಾರಾಟ ನಿಲ್ಲಿಸದೆ ಎದ್ದು ಬಂದಿವೆ, ಪ್ರತಿ ಬಾರಿಯೂ ಪೈಲಟ್ ಸಂಘ ಮಾತುಕತೆಗೆ ಕೂರಬೇಕಾಗಿದೆ.

1983ರ ಸೆಪ್ಟೆಂಬರಿನಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್ ದಿವಾಳಿ ಅರ್ಜಿ ಸಲ್ಲಿಸಿ, ಸಂಘಗಳ ಜೊತೆಗಿದ್ದ ಒಪ್ಪಂದಗಳನ್ನು ಏಕಪಕ್ಷೀಯವಾಗಿ ತಳ್ಳಿಹಾಕಿತು. ಪೈಲಟ್‌ಗಳು ಹೂಡಿದ ಮುಷ್ಕರ 1985ರವರೆಗೆ ನಡೆಯಿತು, ಅಷ್ಟರಲ್ಲಿ ಕಂಪನಿ ಬೇರೆಯವರನ್ನು ಇಟ್ಟುಕೊಂಡು ಹಾರಾಟ ಮುಂದುವರಿಸಿತ್ತು. ಈ ಬಗೆಯ ಅತಿರೇಕಕ್ಕೆ ಕಡಿವಾಣ ಹಾಕಲೆಂದೇ 1984ರಲ್ಲಿ ಅಲ್ಲಿನ ಸಂಸತ್ತು ದಿವಾಳಿ ಕಾನೂನಿಗೆ 1113ನೇ ಕಲಮನ್ನು ಸೇರಿಸಿತು. ಅದರ ಪ್ರಕಾರ ಕಂಪನಿ ಮೊದಲು ತನ್ನ ಲೆಕ್ಕಪತ್ರಗಳನ್ನು ಸಂಘಕ್ಕೆ ತೋರಿಸಬೇಕು, ಉಳಿವಿಗೆ ಅಗತ್ಯವಾದಷ್ಟನ್ನೇ ಕೇಳಬೇಕು, ಸದ್ಭಾವನೆಯಿಂದ ಚರ್ಚಿಸಬೇಕು. ಸಂಘ ಸಕಾರಣವಿಲ್ಲದೆ ನಿರಾಕರಿಸಿತೆಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಹಳೆಯ ಒಪ್ಪಂದವನ್ನು ರದ್ದು ಮಾಡಲು ಅನುಮತಿ ಸಿಗುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅಮೆರಿಕನ್ ಏರ್‌ಲೈನ್ಸ್ ಪ್ರಕರಣದಲ್ಲಿ ನೋಡಬಹುದು. 2011ರ ನವೆಂಬರ್ 29ರಂದು ಅರ್ಜಿ ಸಲ್ಲಿಕೆಯಾಯಿತು. ಅಲ್ಲಿನ ಪೈಲಟ್ ಸಂಘವಾದ ಅಲೈಡ್ ಪೈಲಟ್ಸ್ ಅಸೋಸಿಯೇಷನ್ ಸದಸ್ಯರು 2012ರ ಆಗಸ್ಟಿನಲ್ಲಿ ಕರಡು ಒಪ್ಪಂದವನ್ನು ಮತದಾನದಲ್ಲಿ ತಿರಸ್ಕರಿಸಿದರು. ಒಪ್ಪಂದ ರದ್ದು ಮಾಡಲು ಕಂಪನಿ ಕೇಳಿದ ಅನುಮತಿಯನ್ನು ನ್ಯಾಯಾಧೀಶರು ಮೊದಲು ನಿರಾಕರಿಸಿ, ಬೇಡಿಕೆಯನ್ನು ತಿದ್ದಿ ತಂದ ಮೇಲೆ ಸೆಪ್ಟೆಂಬರಿನಲ್ಲಿ ಕೊಟ್ಟರು. ಆದರೂ ಸಂಘದ ಕೈ ಬರಿದಾಗಲಿಲ್ಲ. ಅದು ಏಪ್ರಿಲ್‌ನಲ್ಲೇ ಯುಎಸ್ ಏರ್‌ವೇಸ್ ಜೊತೆ ಮಾತನಾಡಿ ವಿಲೀನಕ್ಕೆ ಬೆಂಬಲ ಘೋಷಿಸಿತ್ತು, ಡಿಸೆಂಬರಿನಲ್ಲಿ ಅಂಗೀಕಾರವಾದ ಹೊಸ ಒಪ್ಪಂದದಲ್ಲಿ ಪುನರ್ರಚಿತ ಕಂಪನಿಯ ಶೇರುಗಳಲ್ಲಿ ಶೇ. 13.5ರ ಪಾಲನ್ನು ಪೈಲಟ್‌ಗಳಿಗೆ ಪಡೆಯಿತು. ಬಿಟ್ಟುಕೊಟ್ಟದ್ದಕ್ಕೆ ಬೆಲೆ ಕಟ್ಟಿಸಿಕೊಳ್ಳುವುದೆಂದರೆ ಇದೇ.

ಆದರೆ ಶೇರು ಸಿಕ್ಕಿತೆಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಯುನೈಟೆಡ್ ಏರ್‌ಲೈನ್ಸ್ ನೌಕರರು 1994ರಲ್ಲಿ ಸಂಬಳ ಬಿಟ್ಟುಕೊಟ್ಟು ಕಂಪನಿಯ ಶೇ. 55ರಷ್ಟು ಒಡೆತನ ಪಡೆದಿದ್ದರು. 2002ರ ಡಿಸೆಂಬರಿನಲ್ಲಿ ಆ ಕಂಪನಿಯೇ ದಿವಾಳಿಗೆ ಹೋದಾಗ ಆ ಶೇರುಗಳು ಬೆಲೆಯಿಲ್ಲದ ಕಾಗದವಾದವು, 2005ರಲ್ಲಿ ಪಿಂಚಣಿ ಯೋಜನೆಗಳೂ ರದ್ದಾಗಿ ಪಿಂಚಣಿಗೆ ಖಾತರಿ ಕೊಡುವ ಸರ್ಕಾರಿ ವಿಮಾ ನಿಗಮದ ಪಾಲಾದವು. ಆಗಿನ ನಿಯಮದಂತೆ ಪೈಲಟ್‌ಗಳು ಅರವತ್ತಕ್ಕೇ ನಿವೃತ್ತರಾಗಬೇಕಿತ್ತು, ನಿಗಮದ ಪೂರ್ಣ ಖಾತರಿ ಅರವತ್ತೈದಕ್ಕೆ ಲೆಕ್ಕ ಹಾಕಿದ್ದು. ಹೀಗಾಗಿ ಅವರ ಕೈಗೆ ಇನ್ನೂ ಕಡಿಮೆ ಬಂತು. ಮೂವತ್ತು ವರ್ಷ ದುಡಿದವರಿಗೆ ಆದ ಈ ಅನ್ಯಾಯವನ್ನು ಓದಿದಾಗಲೆಲ್ಲ ನನಗೆ ಬಹಳ ಸಂಕಟವಾಗುತ್ತದೆ.

ಉತ್ತರ 2: ವಕೀಲ, ಬೆಳಗಾವಿ

ಮೇಲಿನ ವಿವರಣೆ ಸರಿಯಾಗಿದೆ, ಆದರೆ ಅಲ್ಲಿರುವ ಆ ಚೌಕಾಸಿಯ ಮೇಜು ನಮ್ಮಲ್ಲಿ ಇಲ್ಲ. ನಮ್ಮ 2016ರ ದಿವಾಳಿ ಸಂಹಿತೆಯಲ್ಲಿ 1113ಕ್ಕೆ ಸಮನಾದ ಕಲಮು ಇಲ್ಲ. ಅರ್ಜಿ ಅಂಗೀಕಾರವಾದ ಕೂಡಲೇ ಆಡಳಿತವು ರೆಸಲ್ಯೂಷನ್ ಪ್ರೊಫೆಷನಲ್ (ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದ ವೃತ್ತಿಪರ) ಕೈಗೆ ಹೋಗುತ್ತದೆ, ತೀರ್ಮಾನಗಳು ಸಾಲ ಕೊಟ್ಟವರ ಸಮಿತಿಯಲ್ಲಿ ಆಗುತ್ತವೆ, ಆ ಸಮಿತಿಯಲ್ಲಿ ಮತ ಇರುವುದು ಬ್ಯಾಂಕುಗಳಂಥ ಹಣಕಾಸು ಸಾಲದಾತರಿಗೆ. ನೌಕರರನ್ನು ಕಾನೂನು ಆಪರೇಷನಲ್ ಸಾಲದಾತರೆಂದು, ಅಂದರೆ ಕೆಲಸಕ್ಕೋ ಸರಕಿಗೋ ಹಣ ಬರಬೇಕಾದವರೆಂದು, ಎಣಿಸುತ್ತದೆ. ಅವರ ಬಾಕಿ ಒಟ್ಟು ಸಾಲದ ಶೇ. 10ನ್ನು ಮುಟ್ಟಿದರೆ ಪ್ರತಿನಿಧಿ ಸಭೆಗೆ ಬರಬಹುದು, ಮತ ಹಾಕುವಂತಿಲ್ಲ. ಶೇ. 66ರ ಬೆಂಬಲದಿಂದ ಪಾಸಾಗಿ ಎನ್‌ಸಿಎಲ್‌ಟಿ ಅನುಮೋದಿಸಿದ ಪುನಶ್ಚೇತನ ಯೋಜನೆ ನೌಕರರನ್ನೂ ಕಟ್ಟಿಹಾಕುತ್ತದೆ. ಆದ್ದರಿಂದ ನಿಮ್ಮ ಮಗಳ ಸಂಘಕ್ಕೆ ಚೌಕಾಸಿಯ ಕಾಲ ಎಂದರೆ ಈಗ, ಅರ್ಜಿ ದಾಖಲಾಗುವುದಕ್ಕೆ ಮೊದಲು.

ಕಂಪನಿ ಸಮಾಪನೆಗೆ (ಮುಚ್ಚಿ, ಆಸ್ತಿ ಮಾರಿ ಬಾಕಿ ತೀರಿಸುವ ಹಂತಕ್ಕೆ) ಹೋದರೆ 53ನೇ ಕಲಮಿನ ಸರದಿ ಅನ್ವಯಿಸುತ್ತದೆ. ಪ್ರಕ್ರಿಯೆಯ ಖರ್ಚು ಮೊದಲು. ನಂತರ ಕಾರ್ಮಿಕರ ಇಪ್ಪತ್ನಾಲ್ಕು ತಿಂಗಳ ಬಾಕಿ, ಭದ್ರತೆಯಿರುವ ಸಾಲದಾತರ ಜೊತೆ ಸಮಾನವಾಗಿ. ಅದರ ಕೆಳಗೆ ಉಳಿದ ನೌಕರರ ಹನ್ನೆರಡು ತಿಂಗಳ ಬಾಕಿ. ಪೈಲಟ್ ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರುತ್ತಾರೆ ಎಂಬುದರ ಮೇಲೆ ಕೋರ್ಟುಗಳಲ್ಲಿ ವಾದ ನಡೆದಿದೆ, ಸಂಘ ಆ ವಾದವನ್ನು ಬಿಟ್ಟುಕೊಡಬಾರದು. ಪಿಎಫ್ ಮತ್ತು ಗ್ರಾಚ್ಯುಟಿ ನಿಧಿಗಳನ್ನು 36ನೇ ಕಲಮು ಸಮಾಪನೆಯ ಆಸ್ತಿಯಿಂದ ಹೊರಗಿಟ್ಟಿದೆ. ಜೆಟ್ ಏರ್‌ವೇಸ್ ಪ್ರಕರಣದಲ್ಲಿ ಪಿಎಫ್ ಮತ್ತು ಗ್ರಾಚ್ಯುಟಿ ಕೊಡಲೇಬೇಕೆಂದು 2022ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಹೇಳಿದ್ದನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಅದೇ ಜೆಟ್‌ನ ಪೈಲಟ್‌ಗಳನ್ನು ನೆನಪಿಸಿಕೊಳ್ಳಿ. ಅವರ ಸಂಘವಾದ ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ 2019ರ ಏಪ್ರಿಲ್ 1ರಿಂದ ಹಾರುವುದಿಲ್ಲ ಎಂದು ಹೇಳಿ, ಬ್ಯಾಂಕುಗಳ ಹಣ ಬರುತ್ತದೆಂಬ ಭರವಸೆಯ ಮೇಲೆ ಅದನ್ನು ಮುಂದೂಡಿತು, ಮತ್ತೂ ಮುಂದೂಡಿತು. ಹಣ ಬರಲಿಲ್ಲ. ಏಪ್ರಿಲ್ 17ರಂದು ಹಾರಾಟವೇ ನಿಂತಿತು, ಐದು ವರ್ಷಗಳ ವ್ಯಾಜ್ಯದ ನಂತರ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಮಾಪನೆಗೆ ಆದೇಶಿಸಿತು. ಆ ತಾಳ್ಮೆಗೆ ಬರವಣಿಗೆಯಲ್ಲಿ ಏನನ್ನೂ ಪಡೆಯಲಿಲ್ಲ ಎಂಬುದೇ ನನ್ನ ಕೊರಗು.

ಉತ್ತರ 3: ಕಾರ್ಖಾನೆ ಕಾರ್ಮಿಕ ಸಂಘದ ಪದಾಧಿಕಾರಿ, ಮುಧೋಳ, ಬಾಗಲಕೋಟೆ ಜಿಲ್ಲೆ

ನಾನು ವಿಮಾನದವನಲ್ಲ, ಆದರೆ ಸಂಬಳ ಕಡಿತದ ಕರಡುಗಳನ್ನು ಓದಿ ಬಲ್ಲವನು. ನೀವು ಹೇಳಿದ ಕರಡಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಮೂಲವೇತನದ ಕಡಿತ. ಗ್ರಾಚ್ಯುಟಿ ಲೆಕ್ಕವಾಗುವುದು ಕೊನೆಯದಾಗಿ ಪಡೆದ ವೇತನದ ಮೇಲೆ. ಇಂದು ಮೂಲವೇತನ ಇಳಿಸಲು ಒಪ್ಪಿ ಆರು ತಿಂಗಳಲ್ಲಿ ಕಂಪನಿ ಮುಚ್ಚಿದರೆ, ಹಿಂದಿನ ಅಷ್ಟೂ ವರ್ಷಗಳ ಗ್ರಾಚ್ಯುಟಿ ಆ ಇಳಿದ ಮೊತ್ತದ ಮೇಲೆಯೇ ನಿಲ್ಲುತ್ತದೆ, ಪಿಎಫ್ ವಂತಿಗೆಯೂ ತಗ್ಗುತ್ತದೆ. ವಕೀಲರು ಹೇಳಿದಂತೆ ಕಾನೂನು ಬಿಗಿಯಾಗಿ ಕಾಯುವುದು ಇವೆರಡನ್ನೇ, ಕರಡು ಕತ್ತರಿ ಹಾಕುತ್ತಿರುವುದೂ ಅಲ್ಲಿಗೇ. ಕಡಿತ ಬೇಕೇ ಬೇಕೆಂದರೆ ಅದು ಹಾರಾಟ ಭತ್ಯೆಯ ಮೇಲಿರಲಿ, ಮೂಲವೇತನ ಮುಟ್ಟುವುದು ಬೇಡ.

ಇನ್ನೊಂದು ಮಾತು. ನಮ್ಮ ಕಡೆ ಸಕ್ಕರೆ ಕಾರ್ಖಾನೆ ನಿಂತರೂ ಯಂತ್ರ ಮತ್ತು ಜಮೀನು ಅಲ್ಲೇ ಇರುತ್ತವೆ, ಹರಾಜಿನಲ್ಲಿ ಏನಾದರೂ ಹುಟ್ಟುತ್ತದೆ. ವಿಮಾನ ಸಂಸ್ಥೆಯ ವಿಮಾನಗಳು ಬಹುಪಾಲು ಬಾಡಿಗೆಯವು. ಗೋ ಫಸ್ಟ್ ವಿಮಾನ ಸಂಸ್ಥೆ 2023ರ ಮೇನಲ್ಲಿ ದಿವಾಳಿಗೆ ಹೋದ ಮೇಲೆ, ವಿಮಾನಗಳನ್ನು ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ಕೋರ್ಟಿಗೆ ಹೋಗಿ 2024ರ ಏಪ್ರಿಲ್‌ನಲ್ಲಿ 54 ವಿಮಾನಗಳ ನೋಂದಣಿ ರದ್ದತಿಗೆ ದೆಹಲಿ ಹೈಕೋರ್ಟಿನ ಆದೇಶ ಪಡೆದರು, 2025ರ ಜನವರಿಯಲ್ಲಿ ಸಮಾಪನೆಗೆ ಆದೇಶವಾಯಿತು. ವಿಮಾನವೇ ಇಲ್ಲದ ಸಂಸ್ಥೆಗೆ ಪೈಲಟ್ ಬಿಟ್ಟುಕೊಟ್ಟ ಸಂಬಳದಿಂದ ಏನು ಉಪಯೋಗ?

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಮೂಲವೇತನದ ವಿಷಯವನ್ನು ಮಗಳಿಗೆ ಫೋನಿನಲ್ಲಿ ಹೇಳಿದೆ, ಸಂಘದಲ್ಲಿ ಇದನ್ನು ಇದುವರೆಗೆ ಯಾರೂ ಎತ್ತಿರಲಿಲ್ಲವಂತೆ. ಮುಂದಿನ ವಾರ ಮತದಾನವಿದೆ. ಅದಕ್ಕೆ ಮೊದಲು ಆಡಳಿತದಿಂದ ಏನೇನು ಕೇಳಬೇಕು?

ಉತ್ತರ: ವಕೀಲ, ಬೆಳಗಾವಿ

ಮೊದಲನೆಯದಾಗಿ, ಪ್ರತಿಯೊಬ್ಬರ ಬಾಕಿ ಮೊತ್ತವನ್ನು ತಿಂಗಳುವಾರು ನಮೂದಿಸಿ ಕಂಪನಿ ಸಹಿ ಮಾಡಿದ ಪತ್ರ ಬೇಕು. ನಾಳೆ ದಿವಾಳಿ ಪ್ರಕ್ರಿಯೆಯಲ್ಲಿ ಬಾಕಿ ಕೇಳಲು ನಮೂನೆ ಡಿ ತುಂಬುವಾಗ, ಅಥವಾ ಎಲ್ಲರ ಪರವಾಗಿ ಪ್ರತಿನಿಧಿ ನಮೂನೆ ಇ ತುಂಬುವಾಗ, ಅದೇ ಆಧಾರ. "ಪರಿಗಣಿಸಲಾಗುವುದು" ಎಂಬಲ್ಲಿ ದಿನಾಂಕ ಬರಲಿ. ಆ ದಿನಾಂಕ ಮೀರಿದರೆ ಅಥವಾ ದಿವಾಳಿ ಅರ್ಜಿ ದಾಖಲಾದರೆ ಕಡಿತ ತಾನಾಗಿಯೇ ರದ್ದಾಗಿ ಹಳೆಯ ಸಂಬಳದ ಮೇಲೆಯೇ ಬಾಕಿ ಲೆಕ್ಕವಾಗಬೇಕು ಎಂಬ ಷರತ್ತು ಸೇರಲಿ. ಕಡಿತ ಪೈಲಟ್‌ಗಳಿಗೆ ಮಾತ್ರವೋ, ಮೇಲಿನ ಅಧಿಕಾರಿಗಳಿಗೂ ಉಂಟೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ವಿಮಾನಗಳ ಬಾಡಿಗೆ ಎಷ್ಟು ತಿಂಗಳಿಂದ ಬಾಕಿಯಿದೆ, ಮಾಲೀಕರಿಂದ ಒಪ್ಪಂದ ರದ್ದತಿಯ ನೋಟಿಸ್ ಬಂದಿದೆಯೇ ಎಂಬುದನ್ನೂ ಕೇಳಿ. ಈ ಕೊನೆಯದಕ್ಕೆ ಆಡಳಿತ ಉತ್ತರಿಸದಿದ್ದರೆ ಮತದಾನವನ್ನು ಮುಂದೂಡುವುದು ಮೇಲು ಎಂದು ನನ್ನ ಅಭಿಪ್ರಾಯ.

ಇನ್ನು ಮಗಳ ಪಿಎಫ್ ಪಾಸ್‌ಬುಕ್ಕನ್ನು ಇಂದೇ ತೆಗೆದು ನೋಡಲು ಹೇಳಿ. ಸಂಬಳದಿಂದ ಮುರಿದುಕೊಂಡ ಹಣ ಖಾತೆಗೆ ಜಮೆಯಾಗಿಲ್ಲವೆಂದರೆ ಅದು ಸಂಘದ ಚೌಕಾಸಿಯ ವಿಷಯವಲ್ಲ, ನೇರವಾಗಿ ಭವಿಷ್ಯನಿಧಿ ಕಚೇರಿಗೆ ದೂರು ಕೊಡಬೇಕಾದದ್ದು.