ದೂರದರ್ಶನ ಜಾಹೀರಾತುಗಳಲ್ಲಿನ ಲೈಂಗಿಕ ದೃಶ್ಯಗಳಿಗೆ ಸೆನ್ಸಾರ್ ಬೇಕೇ? ಬೇಕೆಂದರೆ ಕತ್ತರಿ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಮನೆಮಂದಿ

ನಿನ್ನೆ ರಾತ್ರಿ ಎಂಟೂವರೆಯ ಹೊತ್ತಿಗೆ ಮಾವನವರು, ಪತ್ನಿ, ಒಂಬತ್ತು ವರ್ಷದ ಮಗಳು ಮತ್ತು ನಾನು ಒಟ್ಟಿಗೆ ಕುಳಿತು ಪಂದ್ಯವೊಂದನ್ನು ನೋಡುತ್ತಿದ್ದೆವು. ವಿರಾಮದಲ್ಲಿ ಗಂಡಸರ ಸುಗಂಧದ ಸ್ಪ್ರೇಯೊಂದರ ಜಾಹೀರಾತು ಬಂತು. ಯುವಕನೊಬ್ಬ ಎದೆಗೆ ಅದನ್ನು ಸಿಂಪಡಿಸಿಕೊಂಡು ಲಿಫ್ಟ್ ಹತ್ತುತ್ತಾನೆ. ಅಲ್ಲಿದ್ದ ಅಪರಿಚಿತ ಹೆಣ್ಣು ಕಣ್ಣು ಮುಚ್ಚಿ ಅವನ ಕಡೆಗೆ ವಾಲುತ್ತಾಳೆ. ಕ್ಯಾಮೆರಾ ಅವಳ ಪಾದದಿಂದ ಹೊರಟು, ಸೊಂಟದ ಬಳಿ ಬೇಕೆಂದೇ ತಡೆದು ನಿಂತು, ಕುತ್ತಿಗೆಯವರೆಗೆ ಏರುವಷ್ಟರಲ್ಲಿ ದೃಶ್ಯ ಮುಗಿದು ಡಬ್ಬಿ ತೆರೆಯನ್ನು ತುಂಬುತ್ತದೆ. ಮಾವನವರು ಬೆಳಿಗ್ಗೆಯೇ ಓದಿ ಮುಗಿಸಿದ್ದ ಪತ್ರಿಕೆಯನ್ನು ಮತ್ತೆ ಬಿಡಿಸಿಕೊಂಡರು. ಪತ್ನಿ ರಿಮೋಟ್ ಹುಡುಕಿದಳು. ಅದು ನನ್ನ ತೊಡೆಯ ಕೆಳಗೇ ಇತ್ತು. ಮಗಳು ಮಾತ್ರ ನೇರವಾಗಿ ಕೇಳಿದಳು: "ಆ ಅಕ್ಕನಿಗೆ ಏನಾಯ್ತು, ತಲೆ ಸುತ್ತು ಬಂತಾ?"

ನನ್ನ ಗೊಂದಲ ಇಷ್ಟು. ಚಲನಚಿತ್ರವನ್ನು ನಾವು ಆರಿಸಿಕೊಂಡು, ಟಿಕೆಟ್ ಕೊಂಡು ನೋಡುತ್ತೇವೆ, ಆದರೂ ಅದಕ್ಕೆ ಪ್ರಮಾಣಪತ್ರ ಬೇಕು. ಜಾಹೀರಾತು ಯಾರೂ ಕರೆಯದೆ ಮನೆಯೊಳಗೆ ಬರುತ್ತದೆ, ದಿನಕ್ಕೆ ಹತ್ತಾರು ಸಲ ಬರುತ್ತದೆ, ಅದಕ್ಕೆ ಮಾತ್ರ ಅಂಥದ್ದೇನೂ ಇರುವಂತೆ ಕಾಣುವುದಿಲ್ಲ. ಹಾಗಾದರೆ ಜಾಹೀರಾತುಗಳನ್ನೂ ಪ್ರಸಾರಕ್ಕೆ ಮೊದಲೇ ಯಾರಾದರೂ ನೋಡಿ ಅನುಮತಿ ಕೊಡುವ ವ್ಯವಸ್ಥೆ ಇರಬೇಕಲ್ಲವೇ? ಅಥವಾ ಮನೆಯವರೆದುರು ನನಗಾದ ಮುಜುಗರವನ್ನು ಇಡೀ ಸಮಾಜದ ಸಮಸ್ಯೆಯೆಂದು ನಾನು ಭಾವಿಸುತ್ತಿದ್ದೇನೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಕಾನೂನು ಪುಟ

ಮೊದಲು ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸುತ್ತೇನೆ. ಜಾಹೀರಾತುಗಳಿಗೆ ನಿಯಮವೇ ಇಲ್ಲ ಎಂಬುದು ಸರಿಯಲ್ಲ. ಭಾರತದಲ್ಲಿ 1994ರ ಕೇಬಲ್ ದೂರದರ್ಶನ ಜಾಲ ನಿಯಮಗಳ 7ನೇ ನಿಯಮವೇ ಜಾಹೀರಾತು ಸಂಹಿತೆ. ಅಸಭ್ಯ, ಅಶ್ಲೀಲ, ಪ್ರಚೋದಕ ವಿಷಯಗಳನ್ನು ಅದು ನಿಷೇಧಿಸುತ್ತದೆ. ಹೆಣ್ಣನ್ನು ನಿಷ್ಕ್ರಿಯಳಾಗಿ, ಅಧೀನಳಾಗಿ ಚಿತ್ರಿಸಬಾರದು ಎಂದೂ ಹೇಳುತ್ತದೆ. ಮಹಿಳೆಯರ ಅಸಭ್ಯ ನಿರೂಪಣೆಯನ್ನು ತಡೆಯುವ 1986ರ ಕಾಯಿದೆ ಬೇರೆಯೇ ಇದೆ. ಇವುಗಳ ಜೊತೆಗೆ, ಉದ್ಯಮದವರೇ 1985ರಲ್ಲಿ ಕಟ್ಟಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ಸಂಹಿತೆಯನ್ನು ಮೀರುವ ಜಾಹೀರಾತನ್ನು ವಾಹಿನಿಗಳು ಪ್ರಸಾರ ಮಾಡುವಂತಿಲ್ಲ. ಆದ್ದರಿಂದ ನೀವು ಕಂಡ ಆ ಲಿಫ್ಟಿನ ದೃಶ್ಯವನ್ನು ಪ್ರಶ್ನಿಸಲು ಹೊಸ ಕಾನೂನೇನೂ ಬೇಕಾಗಿಲ್ಲ.

ಕೊರತೆ ಇರುವುದು ಕಾಲದಲ್ಲಿ. ಚಲನಚಿತ್ರಕ್ಕೆ ಪರಿಶೀಲನೆ ಬಿಡುಗಡೆಗೆ ಮುಂಚೆ ನಡೆಯುತ್ತದೆ; ಜಾಹೀರಾತಿನಲ್ಲಿ ಮೊದಲು ಪ್ರಸಾರ, ಆಮೇಲೆ ದೂರು, ಆಮೇಲೆ ವಿಚಾರಣೆ. ಪ್ರಚಾರದ ಸುತ್ತೊಂದು ಕೆಲವೇ ವಾರಗಳಲ್ಲಿ ಮುಗಿದುಹೋಗುವುದರಿಂದ, ತೀರ್ಪು ಬರುವಷ್ಟರಲ್ಲಿ ಆ ಜಾಹೀರಾತು ತನ್ನ ಕೆಲಸ ಮುಗಿಸಿ ನಿವೃತ್ತವಾಗಿರುವ ಸಾಧ್ಯತೆಯೇ ಹೆಚ್ಚು. ಮನಸ್ಸು ಮಾಡಿದರೆ ವೇಗವಾಗಿಯೂ ಕೆಲಸ ಮಾಡಬಹುದು ಎಂಬುದಕ್ಕೆ 2022ರ ಜೂನ್ ತಿಂಗಳ ಪ್ರಕರಣ ಸಾಕ್ಷಿ. ಸುಗಂಧದ ಸ್ಪ್ರೇಯೊಂದರ ಜಾಹೀರಾತು ಸಾಮೂಹಿಕ ಅತ್ಯಾಚಾರವನ್ನು ನೆನಪಿಸುವ ದ್ವಂದ್ವಾರ್ಥದ ಮಾತಿನ ಮೇಲೆಯೇ ನಿಂತಿತ್ತು. ಜನರ ಆಕ್ರೋಶ ಎದ್ದ ಕೂಡಲೇ ಮಂಡಳಿಯು ತನಿಖೆ ಬಾಕಿಯಿರುವಾಗಲೇ ಅದನ್ನು ಅಮಾನತಿನಲ್ಲಿಟ್ಟಿತು, ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಟ್ವಿಟರ್ ಮತ್ತು ಯೂಟ್ಯೂಬ್‌ಗಳಿಂದಲೂ ಅದನ್ನು ತೆಗೆಯಲು ಸೂಚಿಸಿತು.

ಹಾಗಾದರೆ ಮುಂಚಿತ ಪರಿಶೀಲನೆಯೇ ಮದ್ದೇ? ಚಲನಚಿತ್ರದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 1970ರ ಕೆ. ಎ. ಅಬ್ಬಾಸ್ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ವಾಣಿಜ್ಯ ಜಾಹೀರಾತನ್ನೂ ಅಭಿವ್ಯಕ್ತಿ ಸ್ವಾತಂತ್ರ್ಯದ ವ್ಯಾಪ್ತಿಗೆ ಸೇರಿಸಿತು. ಆದ್ದರಿಂದ ಸರ್ಕಾರಿ ಕತ್ತರಿಯನ್ನು ತರುವವರು ಅದರ ಅಗತ್ಯವನ್ನು ಗಟ್ಟಿಯಾಗಿ ಸಮರ್ಥಿಸಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಮಧ್ಯದ ದಾರಿಯೊಂದಿದೆ. ಅಲ್ಲಿ ವಾಣಿಜ್ಯ ವಾಹಿನಿಗಳೇ ಒಡೆತನ ಹೊಂದಿರುವ ಕ್ಲಿಯರ್‌ಕಾಸ್ಟ್ ಎಂಬ ಸಂಸ್ಥೆ ಪ್ರಸಾರಕ್ಕೆ ಮುನ್ನ ಚಿತ್ರಕಥೆಯನ್ನೂ ಸಿದ್ಧ ಜಾಹೀರಾತನ್ನೂ ನೋಡಿ, ಯಾವ ಹೊತ್ತಿನ ನಂತರ ತೋರಿಸಬಹುದು ಎಂಬುದನ್ನು ಗೊತ್ತುಮಾಡುತ್ತದೆ. ಮಕ್ಕಳಿಗೆ ತಕ್ಕದ್ದಲ್ಲದ್ದನ್ನು ರಾತ್ರಿ ಒಂಬತ್ತಕ್ಕೆ ಮೊದಲು ತೋರಿಸಬಾರದೆಂಬ ಗೆರೆ ಅಲ್ಲಿ ಬಹಳ ಹಳೆಯದು. ಅಮೆರಿಕದಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅಸಭ್ಯ ಪ್ರಸಾರಕ್ಕೆ ನಿರ್ಬಂಧವಿದೆ, ಆದರೆ ಅದು ಗಾಳಿಯಲ್ಲಿ ಬರುವ ಪ್ರಸಾರಕ್ಕೆ ಮಾತ್ರ, ಕೇಬಲ್‌ಗೆ ಅನ್ವಯಿಸುವುದಿಲ್ಲ.

ನನ್ನ ಅಭಿಪ್ರಾಯ ಹೊತ್ತಿನ ಗೆರೆಯ ಪರ, ಕತ್ತರಿಯ ಪರ ಅಲ್ಲ. ಮಕ್ಕಳು ನೋಡಬಹುದಾದದ್ದನ್ನು ಮಾತ್ರ ಎಲ್ಲರೂ ನೋಡಬೇಕು ಎಂಬುದು, ಅಶ್ಲೀಲ ಯಾವುದೆಂದು ನಿರ್ಧರಿಸಲು ಇಂಗ್ಲೆಂಡಿನ ನ್ಯಾಯಾಲಯ 1868ರಲ್ಲಿ ಹಾಕಿಕೊಟ್ಟ ಹಿಕ್ಲಿನ್ ಪರೀಕ್ಷೆಯ ವರಸೆ. ಬೇಗ ಕೆಡಬಲ್ಲ ಮನಸ್ಸನ್ನು ಅಳತೆಗೋಲಾಗಿ ಇಟ್ಟುಕೊಂಡು ಇಡೀ ಲೋಕವನ್ನು ಅಳೆಯುತ್ತಿದ್ದ ಆ ಪರೀಕ್ಷೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಕೈಬಿಟ್ಟಾಗಿದೆ.

ಉತ್ತರ: ಮೂವತ್ತು ಸೆಕೆಂಡು

ಹದಿನಾಲ್ಕು ವರ್ಷ ಜಾಹೀರಾತು ಚಿತ್ರಗಳ ಸಂಕಲನ ಮಾಡಿದವನು ನಾನು, ಈಗ ಬಿಟ್ಟಿದ್ದೇನೆ. ನೀವು ವರ್ಣಿಸಿದ ಆ ಕ್ಯಾಮೆರಾ ಚಲನೆಯನ್ನು ಓದುವಾಗ ನನ್ನ ಕೈಬೆರಳುಗಳಿಗೆ ಅದರ ಲೆಕ್ಕ ನೆನಪಾಯಿತು. ಸೆಕೆಂಡಿಗೆ 25 ಚೌಕಟ್ಟುಗಳಂತೆ ಮೂವತ್ತು ಸೆಕೆಂಡಿಗೆ 750 ಚೌಕಟ್ಟುಗಳು. ಸೊಂಟದ ಬಳಿ ಕ್ಯಾಮೆರಾ ತಡೆಯುತ್ತದಲ್ಲ, ಅದು ಹೆಚ್ಚೆಂದರೆ ಹದಿನೆಂಟು ಇಪ್ಪತ್ತು ಚೌಕಟ್ಟು. ಆಕ್ಷೇಪ ಬಂದಾಗ ನಾವು ಮಾಡುತ್ತಿದ್ದುದು ಅದನ್ನು ಎಂಟಕ್ಕೆ ಇಳಿಸುವುದು. ಅಲ್ಲಿಗೆ ಆಕ್ಷೇಪಿಸಿದವರಿಗೂ ಸಮಾಧಾನ, ಗ್ರಾಹಕ ಕಂಪನಿಗೂ ಸಮಾಧಾನ; ಪರಿಣಾಮ ಮಾತ್ರ ಇನ್ನಷ್ಟು ಚುರುಕಾಗಿರುತ್ತಿತ್ತು, ಏಕೆಂದರೆ ಅರೆಬರೆ ಕಂಡದ್ದನ್ನು ಮನಸ್ಸು ತಾನೇ ಪೂರ್ತಿಮಾಡಿಕೊಳ್ಳುತ್ತದೆ. ಕತ್ತರಿಯನ್ನು ನಂಬುವವರು ಇದನ್ನು ಗಮನಿಸಬೇಕು. ಚರ್ಮವನ್ನು ಅಳೆಯಬಹುದು, ಸೂಚನೆಯನ್ನು ಅಳೆಯಲು ಬರುವುದಿಲ್ಲ.

ಒಮ್ಮೆ ಸಂಕಲನದ ಕೋಣೆಯಲ್ಲಿ ಕಂಪನಿಯ ಪ್ರತಿನಿಧಿಯೊಬ್ಬರು ನಾಯಕಿಯ ಮುಖವಿರುವ ತುಣುಕನ್ನೇ ತೆಗೆಯಲು ಹೇಳಿದರು. ಅವಳು ಆ ತುಣುಕಿನಲ್ಲಿ ನಗುತ್ತಿದ್ದಳು, ಒಳ್ಳೆಯ ನಗು. ಕಾರಣ ಕೇಳಿದ್ದಕ್ಕೆ, "ಮುಖ ನೋಡುತ್ತಾ ಕುಳಿತರೆ ಡಬ್ಬಿ ಯಾರು ನೋಡುತ್ತಾರೆ?" ಎಂದರು. ಮುಖ ಹೋಯಿತು, ಉಳಿದದ್ದು ಭುಜದಿಂದ ಕೆಳಗೆ. ಯಾವ ಅಂಗವೂ ಬೆತ್ತಲಾಗಿರದ ಕಾರಣ ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ನನಗೆ ಅಂದೂ ಇಂದೂ ಅಸಭ್ಯವಾಗಿ ಕಂಡಿದ್ದು ಆ ಮುಖ ತೆಗೆದ ಕೆಲಸವೇ.

ಇಷ್ಟೆಲ್ಲ ಮಾಡಿ ಮಾಲು ಹೆಚ್ಚು ಮಾರಾಟವಾಗುತ್ತದೆಯೇ ಎಂದರೆ, ಉದ್ಯಮದಲ್ಲಿ ಎಲ್ಲರೂ ತಲೆಯಾಡಿಸುವ ಈ ನಂಬಿಕೆಗೆ ಆಧಾರ ತೆಳುವಾಗಿದೆ. ಲಲ್ ಮತ್ತು ಬುಶ್‌ಮನ್ ಎಂಬ ಸಂಶೋಧಕರು 53 ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೈಂಗಿಕ ಮತ್ತು ಹಿಂಸಾತ್ಮಕ ದೃಶ್ಯಗಳು ಗಮನವನ್ನು ತಮ್ಮತ್ತಲೇ ಸೆಳೆದುಕೊಂಡು ಬ್ರ್ಯಾಂಡಿನ ನೆನಪನ್ನು ಕುಗ್ಗಿಸುವ ಸಂಭವವೇ ಹೆಚ್ಚು ಎಂದು ಕಂಡುಬಂತು. 2017ರಲ್ಲಿ ವರ್ಟ್ಜ್ ಮತ್ತು ಸಂಗಡಿಗರು ಮಾಡಿದ ಇಂಥದ್ದೇ ಇನ್ನೊಂದು ಅಧ್ಯಯನದ ಪ್ರಕಾರ, ಲೈಂಗಿಕ ಆಕರ್ಷಣೆಯ ಜಾಹೀರಾತು ನೆನಪಿನಲ್ಲಿ ಉಳಿಯುತ್ತದೆ, ಬ್ರ್ಯಾಂಡ್ ಉಳಿಯುವುದಿಲ್ಲ, ಕೊಳ್ಳುವ ಇಚ್ಛೆಯೂ ಹೆಚ್ಚುವುದಿಲ್ಲ. ಮನೆಮಂದಿಯವರೇ, ನೀವೂ ನಿಮ್ಮ ಪ್ರಶ್ನೆಯಲ್ಲಿ ಲಿಫ್ಟ್, ಸೊಂಟ, ಡಬ್ಬಿ ಎಲ್ಲವನ್ನೂ ಬರೆದಿದ್ದೀರಿ, ಆ ಸ್ಪ್ರೇಯ ಹೆಸರೊಂದನ್ನು ಬಿಟ್ಟು. ಬೇಕೆಂದೇ ಬಿಟ್ಟಿರೋ, ನೆನಪೇ ಆಗಲಿಲ್ಲವೋ?

ಉತ್ತರ: ದಾದಿ

ನಾನು ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ಇನ್ನೊಂದು ಬದಿಯನ್ನು ಹೇಳದಿದ್ದರೆ ಈ ಚರ್ಚೆ ಅರ್ಧಕ್ಕೇ ನಿಲ್ಲುತ್ತದೆ. ಸೆನ್ಸಾರ್ ಎಂಬ ಕತ್ತರಿ ಕೈಗೆ ಬಂದಾಗ ಅದು ಮೊದಲು ಬೀಳುವುದು ಯಾವುದರ ಮೇಲೆ? 2017ರ ಡಿಸೆಂಬರ್‌ನಲ್ಲಿ ಸಚಿವಾಲಯವು ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ತೋರಿಸಬೇಕೆಂದು ವಾಹಿನಿಗಳಿಗೆ ಸಲಹಾಪತ್ರ ಕಳುಹಿಸಿತು. ಕಾರಣ ಮಕ್ಕಳು. ಅದರ ವಿರುದ್ಧ ದನಿ ಎದ್ದು, ವಿಷಯ ರಾಜಸ್ಥಾನ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ, ಹೆಣ್ಣನ್ನು ಭೋಗವಸ್ತುವಾಗಿ ತೋರಿಸದೆ ಸುರಕ್ಷತೆಯ ತಿಳಿವಳಿಕೆ ಕೊಡುವ ಜಾಹೀರಾತುಗಳಿಗೆ ಈ ನಿರ್ಬಂಧವಿಲ್ಲ ಎಂಬ ಸ್ಪಷ್ಟೀಕರಣ ಅದೇ ತಿಂಗಳಲ್ಲಿ ಬಂತು. ಅಂದರೆ ರೋಗವನ್ನೂ ಬೇಡದ ಬಸಿರನ್ನೂ ತಡೆಯುವ ವಸ್ತುವಿನ ಹೆಸರೇ ಮೊದಲು ಕತ್ತಲೆಗೆ ಹೋಯಿತು. ಹೆಣ್ಣು ಲಿಫ್ಟಿನಲ್ಲಿ ವಾಲುವ ಸ್ಪ್ರೇಗಳು ಹಗಲಿನಲ್ಲಿಯೇ ಉಳಿದವು.

ಆ ಕಾಂಡೋಮ್ ಜಾಹೀರಾತುಗಳಲ್ಲಿ ಕೆಲವು ನಿಜಕ್ಕೂ ತಿಳಿವಳಿಕೆಗಿಂತ ಕೆರಳಿಸುವುದಕ್ಕೇ ಮಾಡಿದಂತಿದ್ದವು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಉತ್ತರ ವಸ್ತುವನ್ನು ಮರೆಮಾಡುವುದಲ್ಲ, ನಿರೂಪಣೆಯನ್ನು ಪ್ರಶ್ನಿಸುವುದು. ಕೌಂಟರ್‌ನಲ್ಲಿ ಮೂರು ಮಾತ್ರೆಗಳ ಹೆಸರು ಸರಾಗವಾಗಿ ಹೇಳಿ, ನಾಲ್ಕನೆಯದಕ್ಕೆ ದನಿ ತಗ್ಗಿಸಿ ಬೆರಳು ತೋರಿಸುವ ವಿವಾಹಿತ ಗಂಡಸರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಆ ಸಂಕೋಚಕ್ಕೆ ಇನ್ನಷ್ಟು ಪರದೆ ಹಾಕಿದರೆ ಯಾರಿಗೂ ಉಪಕಾರವಿಲ್ಲ.

ಮಗಳ ಪ್ರಶ್ನೆಗೆ ನೀವೇನು ಉತ್ತರ ಕೊಟ್ಟಿರಿ ಎಂದು ಬರೆದಿಲ್ಲ. "ಇಲ್ಲ ಪುಟ್ಟಿ, ಆ ಡಬ್ಬಿ ಮಾರಲು ಹಾಗೆ ನಟಿಸುತ್ತಿದ್ದಾಳೆ, ನಿಜವಾಗಿ ಯಾರೂ ಹಾಗೆ ಮಾಡುವುದಿಲ್ಲ" ಎಂದರೆ ಒಂಬತ್ತು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಹದಿಮೂರಕ್ಕೆ ಹೇಳಹೊರಟರೆ ಅವಳು ಕೇಳಿಸಿಕೊಳ್ಳುವುದಿಲ್ಲ.

ಉತ್ತರ: ಹಿರಿಯ ಪ್ರೇಕ್ಷಕ

ಮೇಲಿನ ಮೂವರೂ ಕತ್ತರಿಯ ದೋಷಗಳನ್ನು ಹೇಳಿದ್ದೀರಿ, ಎಲ್ಲವೂ ಸರಿಯೇ. ಆದರೆ ಮೂವರೂ ಪರಿಹಾರದ ಭಾರವನ್ನು ನೋಡುಗನ ತಲೆಗೇ ಹೊರಿಸುತ್ತಿದ್ದೀರಿ: ದೂರು ಕೊಡಿ, ಹೊತ್ತು ನೋಡಿಕೊಳ್ಳಿ, ಮಗುವಿಗೆ ವಿವರಿಸಿ. ನನ್ನ ಬೈಠಕ್ಕಿನೊಳಗೆ ಬಂದವನು ನಡತೆ ಕಲಿತು ಬರಬೇಕೇ ಹೊರತು, ಅವನ ನಡತೆಗೆ ತಕ್ಕಂತೆ ನಾನು ಮನೆಮಂದಿಯನ್ನು ತಯಾರು ಮಾಡಬೇಕೇ? ರಾತ್ರಿ ಎಂಟೂವರೆಯ ಪಂದ್ಯದ ವಿರಾಮ ಎಂದರೆ ಮಕ್ಕಳೂ ಕುಳಿತಿರುವ ಹೊತ್ತು ಎಂಬುದು ಆ ವೇಳೆಯನ್ನು ಹೆಚ್ಚು ದುಡ್ಡು ಕೊಟ್ಟು ಕೊಂಡವನಿಗೆ ಚೆನ್ನಾಗಿ ಗೊತ್ತಿದೆ, ಗೊತ್ತಿದ್ದೇ ಕೊಂಡಿದ್ದಾನೆ.

ಹೊತ್ತಿನ ಗೆರೆಯ ಬಗ್ಗೆಯೂ ನನಗೆ ಅಷ್ಟು ಭರವಸೆಯಿಲ್ಲ. ಅದೇ ತುಣುಕು ಮರುಕ್ಷಣ ಮಗುವಿನ ಕೈಯಲ್ಲಿರುವ ಫೋನಿನಲ್ಲಿ ಬರುತ್ತದೆ, ಅಲ್ಲಿ ರಾತ್ರಿ ಹತ್ತೂ ಇಲ್ಲ, ಬೆಳಿಗ್ಗೆ ಆರೂ ಇಲ್ಲ. ಹಾಗೆಂದು ದೂರದರ್ಶನವನ್ನೂ ಬಿಟ್ಟುಬಿಡೋಣ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಹಿತ್ತಿಲ ಬಾಗಿಲು ತೆರೆದಿದೆಯೆಂದು ಯಾರೂ ಮುಂಬಾಗಿಲ ಚಿಲಕ ಕಿತ್ತುಹಾಕುವುದಿಲ್ಲ. ಬ್ರಿಟನ್ನಿನಂತೆ ಪ್ರಸಾರಕ್ಕೆ ಮೊದಲೇ ನೋಡುವ ವ್ಯವಸ್ಥೆ ಬರಲಿ, ಆದರೆ ಅದರಲ್ಲಿ ಉದ್ಯಮದ ಹೊರಗಿನವರೂ ಕುಳಿತುಕೊಳ್ಳಲಿ ಎಂಬುದು ನನ್ನ ಬಿನ್ನಹ. ಕಳ್ಳನನ್ನೇ ಕಾವಲಿಗಿಟ್ಟಂತೆ ಆಗಬಾರದು.

ಮರುಪ್ರತಿಕ್ರಿಯೆ: ಮನೆಮಂದಿ

ಎಲ್ಲರಿಗೂ ಕೃತಜ್ಞತೆಗಳು. ಮೂವತ್ತು ಸೆಕೆಂಡು ಅವರಿಗೆ ಮೊದಲ ಉತ್ತರ: ಹೆಸರು ನಿಜಕ್ಕೂ ನೆನಪಿರಲಿಲ್ಲ. ಡಬ್ಬಿ ಕಪ್ಪು ಬಣ್ಣದ್ದು ಎಂದು ನಾನು, ನೀಲಿ ಎಂದು ಪತ್ನಿ, ಇನ್ನೂ ತೀರ್ಮಾನವಾಗಿಲ್ಲ.

ಅವರು ಹೇಳಿದ ಮುಖದ ವಿಷಯ ಓದಿದ ಮೇಲೆ ನನ್ನ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕೆನಿಸಿತು. ನನ್ನನ್ನು ಕುಟುಕಿದ್ದು ದೇಹ ಕಂಡದ್ದಲ್ಲ, ಆ ಹೆಣ್ಣಿಗೆ ಆ ದೃಶ್ಯದಲ್ಲಿ ತನ್ನದೆಂಬ ಇಚ್ಛೆ ಇರಲಿಲ್ಲ ಎಂಬುದು. ಮಗಳಿಗೆ ಅದು ತಲೆಸುತ್ತಿನಂತೆ ಕಂಡದ್ದರಲ್ಲಿ ತಪ್ಪೇನಿಲ್ಲ. ಅಶ್ಲೀಲವೇ ಅಲ್ಲವೇ ಎಂದು ಅಳೆಯುವ ಬದಲು ಈ ಒಂದು ಅಂಶವನ್ನು ಅಳೆಯುವ ಪರಿಶೀಲಕರಿದ್ದರೆ, ದಾದಿಯವರ ಕಾಂಡೋಮ್ ಜಾಹೀರಾತು ಹಗಲಿನಲ್ಲಿ ಪಾಸಾಗುತ್ತಿತ್ತು, ಈ ಸ್ಪ್ರೇ ರಾತ್ರಿ ಹನ್ನೆರಡಕ್ಕೂ ಪಾಸಾಗುತ್ತಿರಲಿಲ್ಲ. ಆದ್ದರಿಂದ ಹೊತ್ತಿನ ಗೆರೆ ಮಾತ್ರ ಸಾಕೆಂಬ ಕಾನೂನು ಪುಟ ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಹಿರಿಯರು ಹೇಳಿದ ಹೊರಗಿನವರ ಸಮಿತಿಯೂ ಕೊನೆಗೆ ಸೆಂಟಿಮೀಟರ್ ಲೆಕ್ಕಕ್ಕೇ ಇಳಿಯುವುದೇನೋ ಎಂಬ ಅಳುಕು ಇದ್ದೇ ಇದೆ.

ಇವತ್ತು ರಾತ್ರಿ ಅದೇ ಸರಣಿಯ ಮುಂದಿನ ಪಂದ್ಯವಿದೆ. ವಾಹಿನಿ, ದಿನಾಂಕ, ನಿಮಿಷ ಗುರುತುಹಾಕಿಕೊಂಡು ಮಂಡಳಿಗೆ ದೂರು ಬರೆಯುವುದೆಂದು ತೀರ್ಮಾನಿಸಿದ್ದೇನೆ. ಸ್ಪ್ರೇಯ ಹೆಸರು ಗಮನಿಸುವ ಕೆಲಸವನ್ನು ಮಾವನವರು ತಾವೇ ವಹಿಸಿಕೊಂಡಿದ್ದಾರೆ.