ಅಕ್ಟೋಬರ್‌ ಬರುವುದರೊಳಗೆ ಏನೇನು ಮಾಡಿಕೊಳ್ಳಬೇಕು? ಕ್ರಿಕೆಟ್ ಆಡಿದವರು ಹೇಳಿ

ಕೇಳಿದ್ದು: ಶಿವಮೊಗ್ಗದ ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 21 ವರ್ಷ, ಬಲಗೈ ಮಧ್ಯಮ ವೇಗಿ. ಮೊದಲ ಸಲ ಸೀನಿಯರ್ ಶಿಬಿರಕ್ಕೆ ಕರೆ ಬಂದಿದೆ. ಆಗಸ್ಟ್‌ನಲ್ಲಿ ಕರ್ನಾಟಕದ ಟಿ20 ಲೀಗ್ ಆದ ಮಹಾರಾಜ ಟ್ರೋಫಿ ಆಡುತ್ತೇನೆ. ಅಲ್ಲಿ ಚೆನ್ನಾಗಿ ಹಾಕಿದರೆ ಅಕ್ಟೋಬರ್‌ನಲ್ಲಿ ನಾಲ್ಕು ದಿನದ ಪಂದ್ಯಗಳ ರಣಜಿ ತಂಡಕ್ಕೆ ಹೆಸರು ಬಂದರೂ ಬರಬಹುದು. ಈಗ ಜುಲೈ, ಇಲ್ಲಿ ಮಳೆ ಬಿಡುತ್ತಲೇ ಇಲ್ಲ. ದಿನಾ ಎರಡು ಗಂಟೆ ಇಂಡೋರ್ ನೆಟ್ಸ್ ಮಾಡುತ್ತಿದ್ದೇನೆ. ಸಾಕಾ? ಇನ್ನೇನು ನೋಡಿಕೊಳ್ಳಬೇಕು? ಅಪ್ಪ ಬೇರೆ ಬ್ಯಾಂಕ್ ಪರೀಕ್ಷೆ ಬರಿ ಅಂತ ಕೂತಿದ್ದಾರೆ.

ಹುಬ್ಬಳ್ಳಿಯ ಹಳೇ ಬೌಲರ್

ತಮ್ಮಾ, ಗಂಟೆಯ ಲೆಕ್ಕ ಬಿಡು, ಚೆಂಡಿನ ಲೆಕ್ಕ ಇಡು. ಎರಡು ಗಂಟೆಯಲ್ಲಿ 40 ಚೆಂಡೂ ಹಾಕಬಹುದು, 140 ಚೆಂಡೂ ಹಾಕಬಹುದು. ಬೆನ್ನಿಗೆ ಗೊತ್ತಾಗುವುದು ಚೆಂಡು, ಗಡಿಯಾರ ಅಲ್ಲ.

ನನ್ನ ಕತೆ ಕೇಳು. ನನಗೂ ಆಗ 22. ಒಂದು ತಿಂಗಳು ಬರೀ ಟಿ20, ಮ್ಯಾಚ್‌ಗೆ 4 ಓವರ್. ಆಮೇಲೆ ಮಳೆ ಹಿಡಿಯಿತು. ಸಿಮೆಂಟಿನ ಮೇಲೆ ಮ್ಯಾಟ್ ಹಾಸಿ ಸುಮ್ನೆ ಒಂದಿಷ್ಟು ಹಾಕಿದೆ. ಮೈ ಹಗುರಾಗಿತ್ತು, ವೇಗ ಚೆನ್ನಾಗಿ ಬರುತ್ತಿತ್ತು, ರೆಡಿ ಇದ್ದೇನೆ ಅಂದುಕೊಂಡೆ. ಸೀಸನ್ನಿನ ಮೊದಲ ನಾಲ್ಕು ದಿನದ ಪಂದ್ಯದಲ್ಲಿ ಮೊದಲ ದಿನವೇ 19 ಓವರ್ ಬಿತ್ತು. ಮರುದಿನ ಬೆಳಿಗ್ಗೆ ಮತ್ತೆ 6. ಎರಡನೇ ಇನಿಂಗ್ಸ್‌ಗೆ ಹೊರಡುವಾಗ ಲೇಸ್ ಕಟ್ಟಲು ಬಗ್ಗಿದೆ, ಮೇಲೆ ಏಳಲಿಕ್ಕೆ ಆಗಲಿಲ್ಲ. ಕೆಳಬೆನ್ನಿನ ಮೂಳೆಯಲ್ಲಿ ಬಿರುಕು. ಐದು ತಿಂಗಳು ಚೆಂಡು ಮುಟ್ಟಲಿಲ್ಲ. ಇಪ್ಪತ್ತರ ಆಸುಪಾಸಿನ ವೇಗಿಗಳಿಗೆ ಇದು ಮಾಮೂಲಿ ಕಾಯಿಲೆ. ಪ್ರಸಿದ್ಧ್ ಕೃಷ್ಣ ಕೂಡ ಇದೇ ಬಿರುಕಿನಿಂದ 2023ರ ಐಪಿಎಲ್ ಪೂರ್ತಿ ಹೊರಗೆ ಕೂತರು.

ಅಂದರೆ 4 ಓವರಿನಿಂದ 19 ಓವರಿಗೆ ಒಂದೇ ಸಲ ಹಾರುತ್ತೀವಲ್ಲ, ಅಲ್ಲೇ ಹುಡುಗರು ಮುರಿಯುವುದು. ನೀನು ಈಗ ಹೋಗುತ್ತಿರುವುದೂ ಅದೇ ದಾರಿಯಲ್ಲಿ.

ಒಂದು ನೋಟ್‌ಬುಕ್ ತಗೋ. ಹಾಕಿದ ಪ್ರತಿ ಚೆಂಡೂ ಅದರಲ್ಲಿ ಇರಲಿ, ವಾರ್ಮ್‌ಅಪ್‌ನಲ್ಲಿ ಜೋರಾಗಿ ಹಾಕಿದ್ದೂ ಸೇರಿ. ಈ ವಾರ ಎಷ್ಟು ಹಾಕಿದ್ದೀಯೋ ಮುಂದಿನ ವಾರ ಅದಕ್ಕಿಂತ ಸ್ವಲ್ಪವೇ ಜಾಸ್ತಿ. ಟಿ20 ತಿಂಗಳಲ್ಲಿ ಮ್ಯಾಚ್ ಇಲ್ಲದ ದಿನ ಕೋಚ್, ಫಿಸಿಯೋಗೆ ಹೇಳಿ ಕೆಂಪು ಚೆಂಡಿನಲ್ಲಿ ಏಳೆಂಟು ಓವರ್ ಹಾಕು. ಸೆಪ್ಟೆಂಬರ್ ಕೊನೆಗೆ ಒಂದೇ ದಿನ ಮೂರು ಸ್ಪೆಲ್ (ಬಿಡುವಿಲ್ಲದೆ ಹಾಕುವ ಓವರ್‌ಗಳ ಸರದಿ) ಹಾಕಿ, ನಡುವೆ ಬಿಸಿಲಲ್ಲಿ ಫೀಲ್ಡಿಂಗ್ ನಿಂತು, ಮಾರನೇ ದಿನವೂ ಹಾಕುವಂತಾಗಬೇಕು. ರಣಜಿಯಲ್ಲಿ ದಿನಕ್ಕೆ 90 ಓವರ್, ಎರಡನೇ ಹೊಸ ಚೆಂಡು ಸಿಗುವುದು 80 ಓವರ್ ಆದ ಮೇಲೆ. ಸಂಜೆ ನಾಲ್ಕಕ್ಕೆ ಕ್ಯಾಪ್ಟನ್ ಚೆಂಡು ಕೈಗೆ ಕೊಟ್ಟಾಗ ಕಾಲು ಎತ್ತಲು ಆಗಬೇಕಲ್ಲ!

ಇನ್ನೆರಡು ಮಾತು. ನೆಟ್ಸ್‌ನಲ್ಲಿ ನೋಬಾಲ್ ಗೆರೆ ಇಲ್ಲ ಅಂತ ಒಂದಡಿ ಮುಂದೆ ಕಾಲಿಡುವ ಚಟ ಎಲ್ಲರಿಗೂ ಇದೆ. ಸುಣ್ಣದಲ್ಲಿ ಗೆರೆ ಎಳೆದುಕೋ. ಮತ್ತೆ, ಹೊಸ ಸ್ಪೈಕ್ಸ್ ಅನ್ನು ಮ್ಯಾಚ್ ದಿನ ಬಿಚ್ಚಬೇಡ. ಈಗಲೇ ಹಾಕಿ ಪಳಗಿಸು. ಎಡಗಾಲಿನ ಹೆಬ್ಬೆರಳು ಬೂಟಿಗೆ ಬಡಿದು ಉಗುರು ಕಪ್ಪಾದರೆ, ಬೂಟಿನ ಆ ಜಾಗದಲ್ಲಿ ಬ್ಲೇಡಿನಿಂದ ತೂತು ಮಾಡು. ನೋಡಲು ಚೆನ್ನಾಗಿರಲ್ಲ, ಹೌದು. ದೊಡ್ಡ ದೊಡ್ಡ ಬೌಲರ್‌ಗಳ ಬೂಟು ನೋಡು, ಹಾಗೇ ಇರುತ್ತೆ.

ಬೆಂಗಳೂರಿನ ಓಪನರ್, ಲೀಗ್ ಆಡುವವನು

ಬೌಲಿಂಗ್ ಬಗ್ಗೆ ಅಣ್ಣ ಹೇಳಿದ ಮೇಲೆ ನನ್ನದೇನೂ ಇಲ್ಲ. ಬ್ಯಾಟ್ ಬಗ್ಗೆ ಹೇಳುತ್ತೇನೆ. ಹತ್ತನೇ ನಂಬರಿನವನಿಗೆ ಬ್ಯಾಟ್ ಯಾಕೆ ಅನ್ನಬೇಡಿ. ಕೊನೇ ವಿಕೆಟ್‌ಗೆ ಅರ್ಧ ಗಂಟೆ ನಿಂತಿದ್ದನ್ನು ಸೆಲೆಕ್ಟರ್‌ಗಳು ಮರೆಯಲ್ಲ.

ಇಂಗ್ಲಿಷ್ ವಿಲ್ಲೋ ಬ್ಯಾಟ್ ಅಂಗಡಿಯಿಂದ ತಂದ ದಿನವೇ ಆಡುವಂಥದ್ದಲ್ಲ. ಅಂಗಡಿಯವರು 'ನಾಕ್ ಮಾಡಿ (ಸುತ್ತಿಗೆಯಲ್ಲಿ ತಟ್ಟಿ ಹದ ಮಾಡಿ) ಕೊಟ್ಟಿದ್ದೀವಿ' ಅಂದರೂ ನಾನು ನಂಬಲ್ಲ. ಮೊದಲು ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿ ಒಂದು ರಾತ್ರಿ ಮಲಗಿಸಿ ಇಡಿ. ಹಿಡಿ ಕೂಡುವ ಜಾಗಕ್ಕೆ ಎಣ್ಣೆ ತಾಗಬಾರದು. ಆಮೇಲೆ ಮರದ ಸುತ್ತಿಗೆ. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರು. ಅಂಚಿಗೆ ನೇರವಾಗಿ ಹೊಡೆಯಬೇಡಿ, ಓರೆಯಾಗಿ ತಟ್ಟಿ ದುಂಡಗೆ ಮಾಡಿ. ದಿನಕ್ಕೆ ಅರ್ಧ ಗಂಟೆಯಂತೆ ಹತ್ತು ಹನ್ನೆರಡು ದಿನ ಹಿಡಿಯುತ್ತೆ. ಆಮೇಲೆ ಹಳೇ ಚೆಂಡಿನಲ್ಲಿ ಕ್ಯಾಚ್ ಕೊಡಿ. ಬ್ಯಾಟಿನ ಮೇಲೆ ಚೆಂಡಿನ ಹೊಲಿಗೆಯ ಅಚ್ಚು ಬೀಳುತ್ತಿದ್ದರೆ ಇನ್ನೂ ಕೆಲಸ ಬಾಕಿ. ನಾನು ಮೊದಲ ವರ್ಷ ಬಾಡಿಗೆ ರೂಮಿನಲ್ಲಿ ರಾತ್ರಿ ಒಂಬತ್ತಕ್ಕೆ ಟಕ್ ಟಕ್ ಶುರು ಮಾಡುತ್ತಿದ್ದೆ. ಮೂರನೇ ದಿನ ಓನರ್ ಆಂಟಿ ಬಂದು, "ಏನಪ್ಪಾ, ರಾತ್ರಿಯೆಲ್ಲಾ ಬಡಗಿ ಕೆಲಸಾನಾ?" ಅಂದರು. ಅಂದಿನಿಂದ ಪಕ್ಕದ ಪಾರ್ಕೇ ಗತಿ.

ಮಳೆಗಾಲದಲ್ಲಿ ಬ್ಯಾಟಿನ ತುದಿ ನೀರು ಕುಡಿದು ಊದಿಕೊಳ್ಳುತ್ತೆ. ತುದಿಗೆ ರಬ್ಬರ್ ಗಾರ್ಡ್ ಅಂಟಿಸಿ.

ಯೋ-ಯೋ ಅನ್ನುವ ಫಿಟ್‌ನೆಸ್ ಟೆಸ್ಟ್ ಬಗ್ಗೆ ಒಂದೇ ಮಾತು. 20 ಮೀಟರ್ ಓಡಿ ತಿರುಗಿ ಬರುವುದು, 10 ಸೆಕೆಂಡ್ ಬಿಡುವು, ಬೀಪ್ ಬರಬರುತ್ತಾ ಬೇಗ ಆಗುತ್ತೆ. ಹುಡುಗರು ದಮ್ಮಿಗಿಂತ ಜಾಸ್ತಿ ತಿರುಗುವ ಜಾಗದಲ್ಲೇ ಸೋಲುತ್ತಾರೆ. ಒಂದೇ ಕಾಲಿನ ಮೇಲೆ ತಿರುಗಿ ತಿರುಗಿ ಆ ತೊಡೆ ಸತ್ತುಹೋಗುತ್ತೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿ ಅಭ್ಯಾಸ ಮಾಡಿ.

ಆಟಗಾರನ ಹೆಂಡತಿ, ಮೈಸೂರು

ಎಲ್ಲರೂ ಬ್ಯಾಟು ಬಾಲು ಅಂತಿದ್ದೀರಿ, ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ಮನೆಯವರು ಆಡಲು ಶುರು ಮಾಡಿ ಒಂಬತ್ತು ವರ್ಷ. ಮನೆ ಲೆಕ್ಕ ನನ್ನದು.

2021ರಲ್ಲಿ ಏರಿಸಿದ ಪ್ರಕಾರ, 20 ಪಂದ್ಯದವರೆಗೆ ಆಡಿದವರಿಗೆ ರಣಜಿಯಲ್ಲಿ ದಿನಕ್ಕೆ 40,000 ರೂಪಾಯಿ. 21ರಿಂದ 40 ಪಂದ್ಯ ಆಡಿದವರಿಗೆ 50,000, ಅದಕ್ಕೂ ಮೇಲ್ಪಟ್ಟು 60,000. ನಾಲ್ಕು ದಿನಕ್ಕೆ 1,60,000 ಅಂತ ಕೇಳಿ ನೆಂಟರೆಲ್ಲ ಬಾಯಿ ಬಿಡುತ್ತಾರೆ. ಆದರೆ ಅದು ಆಡುವ ಹನ್ನೊಂದರಲ್ಲಿ ಇದ್ದರೆ. ಹೊರಗೆ ಕೂತರೆ ಅರ್ಧ. ತಂಡದಲ್ಲೇ ಇಲ್ಲದಿದ್ದರೆ ಸೊನ್ನೆ. ತೆರಿಗೆ ಮೊದಲೇ ಹಿಡಿದುಕೊಳ್ಳುತ್ತಾರೆ. ಆಡಿದ ತಿಂಗಳೇ ಕೈಗೆ ಬರುತ್ತೆ ಅಂತ ನಂಬಿ ಕಂತಿನ ಮೇಲೆ ಕಾರು ತೆಗೆಯಬೇಡಪ್ಪ. ನಾವು ತೆಗೆದಿದ್ದೆವು. ಆ ವರ್ಷ ಅವರು ಆಡಿದ್ದು ಎರಡೇ ಪಂದ್ಯ. ಕಂತು ಹನ್ನೆರಡೂ ಇತ್ತು.

ಇನ್ನೊಂದು ತುಂಬಾ ಮುಖ್ಯ. ಮಳೆಯಲ್ಲಿ ನೆನೆದು ಕೆಮ್ಮು ಬಂದರೆ ಮೆಡಿಕಲ್‌ನವರು ಕೊಟ್ಟ ಸಿರಪ್ ಕುಡಿಯಬೇಡ. ಪೃಥ್ವಿ ಶಾ 2019ರಲ್ಲಿ ಎಂಟು ತಿಂಗಳು ಅಮಾನತಾಗಿದ್ದು ಕೆಮ್ಮಿನ ಸಿರಪ್‌ನಲ್ಲಿದ್ದ ಟರ್ಬ್ಯುಟಲಿನ್ ಅನ್ನುವ ನಿಷೇಧಿತ ವಸ್ತುವಿನಿಂದ. ಯೂಸುಫ್ ಪಠಾಣ್ ಸಿಕ್ಕಿಬಿದ್ದಿದ್ದೂ ಅದೇ ವಸ್ತುವಿನಿಂದ. ಜಿಮ್ ಗೆಳೆಯ ಕೊಟ್ಟ ಪ್ರೋಟೀನ್ ಡಬ್ಬಕ್ಕೂ ಇದೇ ಮಾತು. ತಂಡದ ಡಾಕ್ಟರನ್ನು ಕೇಳದೆ ಒಂದು ಚಮಚವೂ ಬೇಡ. ನಮ್ಮ ಮನೆಯಲ್ಲಿ ಶುಂಠಿ ಕಷಾಯವೇ.

ಮಂಗಳೂರಿನವನು, ಸದ್ಯ ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ

ನಮ್ಮೂರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಅಂದರೆ ಕೆರೆ. ಅದಕ್ಕೇ ಈ ತಿಂಗಳುಗಳಲ್ಲಿ ಇಲ್ಲಿ ಕ್ಲಬ್ ಕ್ರಿಕೆಟ್ ಆಡುತ್ತೇನೆ. ಶನಿವಾರ ಮ್ಯಾಚ್, ಮಿಕ್ಕ ದಿನ ಮಕ್ಕಳಿಗೆ ಕೋಚಿಂಗ್. ಈ ವರ್ಷ ನಿಮಗೆ ತಡವಾಯಿತು, ಮುಂದಿನ ವರ್ಷ ಯೋಚನೆ ಮಾಡಿ. ಒದ್ದೆ ಪಿಚ್ಚಿನಲ್ಲಿ ಚೆಂಡನ್ನು ಬ್ಯಾಟರ್‌ಗೆ ಇನ್ನಷ್ಟು ಹತ್ತಿರ ಬೀಳುವಂತೆ ಹಾಕುವುದನ್ನು ಕಲಿತೆ, ಅನ್ನ ಸಾರು ಮಾಡುವುದನ್ನೂ ಕಲಿತೆ. ಕ್ರಿಕೆಟ್ ಮಂಡಳಿಯ ಅನುಮತಿ ಪತ್ರ ತಗೊಳ್ಳದೆ ಹೊರಡಬೇಡಿ. ದುಡ್ಡು ತಗೊಂಡು ಆಡಲು ಪ್ರವಾಸಿ ವೀಸಾ ಸಾಲದು, ಏಜೆಂಟ್ ಏನೇ ಹೇಳಲಿ.

ಸ್ಕೋರರ್ ಅಂಕಲ್, ತುಮಕೂರು

ಅಪ್ಪನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಅಪ್ಪನ ಕಡೆ.

ಕುಂಬ್ಳೆ ಓದಿದ್ದು ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ ಕಾಲೇಜಿನಲ್ಲಿ. ಇಬ್ಬರೂ ಎಂಜಿನಿಯರ್. ಟೆಸ್ಟ್‌ನಲ್ಲಿ ಒಬ್ಬರಿಗೆ 619 ವಿಕೆಟ್, ಇನ್ನೊಬ್ಬರಿಗೆ 236. ಓದಿದ್ದರಿಂದ ಇವರಿಗೆ ವಿಕೆಟ್ ಕಡಿಮೆ ಬಿತ್ತಾ?

ಕ್ರೀಡಾ ಕೋಟಾದ ಕೆಲಸಗಳ ಮೇಲೂ ಕಣ್ಣಿಡು. ಬ್ಯಾಂಕ್, ಆದಾಯ ತೆರಿಗೆ, ಅಕೌಂಟೆಂಟ್ ಜನರಲ್ ಕಚೇರಿ ಹೀಗೆ ಹಲವು ಕಡೆ ಆಟಗಾರರನ್ನು ತೆಗೆದುಕೊಳ್ಳುವುದುಂಟು. ರೈಲ್ವೆ ವಿಷಯದಲ್ಲಿ ಮಾತ್ರ ಯೋಚಿಸಿ ಸಹಿ ಹಾಕು. ರೈಲ್ವೆಗೆ ರಣಜಿಯಲ್ಲಿ ತನ್ನದೇ ತಂಡ ಇದೆ, ಅದಕ್ಕೆ ಆಡುತ್ತಾ ಕರ್ನಾಟಕಕ್ಕೂ ಆಡಲು ಆಗಲ್ಲ. ಮಳೆ ಬಂದು ನೆಟ್ಸ್ ನಿಂತ ದಿನ ಪುಸ್ತಕ ತೆಗಿ. ಶಿವಮೊಗ್ಗದಲ್ಲಿ ಜುಲೈ ಅಂದರೆ ಪೂರ್ತಿ ಸಿಲಬಸ್ಸೇ ಮುಗಿಯುತ್ತೆ.

ಶಿವಮೊಗ್ಗದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಸ್ಕೋರರ್ ಅಂಕಲ್, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು.

ಹುಬ್ಬಳ್ಳಿ ಅಣ್ಣ, ಇವತ್ತೇ ಸುಣ್ಣದ ಗೆರೆ ಎಳೆದು ಹಾಕಿದೆ. 48 ಚೆಂಡು ಆಯಿತು, ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ. ಅದರಲ್ಲಿ 11 ನೋಬಾಲ್.

ಹುಬ್ಬಳ್ಳಿಯ ಹಳೇ ಬೌಲರ್

ಹನ್ನೊಂದಾ! ನಾಳೆ ಬೌಲಿಂಗೇ ಬೇಡ. ಟೇಪ್ ತಗೊಂಡು ಹೋಗಿ ರನ್‌ಅಪ್ ಅಳತೆ ಮಾಡು. ಹೆಜ್ಜೆ ಎಣಿಸಿದರೆ ಸಾಲದು, ದಣಿದಾಗ ಹೆಜ್ಜೆ ಬೇರೆ ಬೀಳುತ್ತೆ. ಸ್ಪೈಕ್ಸ್ ಹಾಕಿಕೊಂಡೇ ಓಡಿ ನೋಡು, ಆ ಇಂಡೋರ್ ಮ್ಯಾಟ್ ಮೇಲಲ್ಲ. ಮಳೆ ಬಿಟ್ಟ ಒಂದು ಗಂಟೆ ಸಿಕ್ಕರೂ ಹೊರಗೆ, ಹುಲ್ಲಿನ ಮೇಲೆ. ಎಷ್ಟು ಅಡಿ ಬಂತು ಅಂತ ಬರಿ.