ಜನ್ಮದೋಷಗಳ ಲೆಕ್ಕ ಆಸ್ಪತ್ರೆವಾರು ಏಕಿಲ್ಲ?

ಪ್ರಶ್ನೆ: ಯುರೋಪಿನಲ್ಲಿ 1979ರಿಂದ ನಡೆಯುತ್ತಿರುವ ಯೂರೋಕ್ಯಾಟ್ ಜಾಲವು ಶಿಶುಗಳ ಜನ್ಮದೋಷಗಳನ್ನು ಆಸ್ಪತ್ರೆವಾರು ಎಣಿಸದೆ ಪ್ರದೇಶವಾರು ದಾಖಲಿಸುವುದೇಕೆ?

ಉತ್ತರ 1: ತೊಡಕಿನ ಹೆರಿಗೆಗಳೆಲ್ಲ ದೊಡ್ಡಾಸ್ಪತ್ರೆಗೇ ಬರುವುದರಿಂದ ಅಲ್ಲಿನ ಪ್ರಮಾಣ ಸಹಜವಾಗಿಯೇ ಹೆಚ್ಚು ಕಾಣುತ್ತದೆ. ಆದ್ದರಿಂದ ತಾಯಿ ಎಲ್ಲಿ ಹೆತ್ತಳೆಂಬುದಕ್ಕಿಂತ ಎಲ್ಲಿ ವಾಸವಾಗಿದ್ದಾಳೆಂಬುದನ್ನು ಆಧಾರವಾಗಿಟ್ಟುಕೊಂಡು, ಆ ಪ್ರದೇಶದ ಪ್ರತಿ 10,000 ಜನನಗಳಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ.

ಉತ್ತರ 2: ಅಷ್ಟೇ ಸಾಲದು. 20 ವಾರಗಳ ನಂತರದ ಭ್ರೂಣಮರಣಗಳನ್ನೂ, ದೋಷ ಪತ್ತೆಯಾದ ಮೇಲೆ ಮಾಡಿಸಿದ ಗರ್ಭಪಾತಗಳನ್ನೂ ಸೇರಿಸದಿದ್ದರೆ, ಸ್ಕ್ಯಾನಿಂಗ್ ಹೆಚ್ಚಿದಂತೆಲ್ಲ ಬೆನ್ನುಹುರಿಯ ನ್ಯೂನತೆಯೇ ಕಡಿಮೆಯಾಯಿತೆಂಬ ಭ್ರಮೆ ಹುಟ್ಟುತ್ತದೆ. ನನ್ನ ಮಟ್ಟಿಗೆ ಈ ಜಾಲದ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಉತ್ತರ 3: ಗರ್ಭಿಣಿಯರೂ ಸೇವಿಸುತ್ತಿದ್ದ ಥಾಲಿಡೋಮೈಡ್ ಎಂಬ ನಿದ್ರೆಮಾತ್ರೆಯನ್ನು ಪಶ್ಚಿಮ ಜರ್ಮನಿಯಲ್ಲಿ 1961ರ ನವೆಂಬರಿನಲ್ಲಿ ಹಿಂತೆಗೆದುಕೊಳ್ಳುವ ಹೊತ್ತಿಗೆ ಸಾವಿರಾರು ಮಕ್ಕಳು ಮೊಟಕಾದ ಕೈಕಾಲುಗಳೊಂದಿಗೆ ಹುಟ್ಟಿಯಾಗಿತ್ತು; ಇಂಥ ಏರಿಕೆಯನ್ನು ಬೇಗ ಗುರುತಿಸುವ, ಯೂರೋಕ್ಯಾಟ್‌ನಂಥ ಪ್ರದೇಶವಾರು ದಾಖಲೆಯ ವ್ಯವಸ್ಥೆ ಆಗ ಇರಲಿಲ್ಲ.